ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ್ ಕಿರ್ಲೋಸ್ಕರ್

ಮಕ್ಕಳೇ, ಬಾವಿಯ ದಡದಲ್ಲಿ ಕೂರಿಸಿದ ಪಂಪ್‌ಸೆಟ್ಟನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಅದರ ಮೈಮೇಲೆ ತಯಾರಕರ ಹೆಸರು ಇರುತ್ತದೆ. ನಮ್ಮ ನಾಡಿನ ಎಷ್ಟೋ ಹೊಲಗಳಲ್ಲಿ ಆ ಹೆಸರು ಕಿರ್ಲೋಸ್ಕರ್ ಎಂದಿರುತ್ತದೆ. ಇದು ಒಂದು ಮನೆತನದ ಹೆಸರು. ಈ ಹೆಸರನ್ನು ಯಂತ್ರಗಳ ಮೇಲೆ ಮೊದಲು ತಂದವರು ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್. ಅವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು.

ಇಂದು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಸ್ತುಗಳನ್ನು ವಿನ್ಯಾಸ ಮಾಡುವುದನ್ನೂ ಸ್ವಂತ ಉದ್ಯಮ ಕಟ್ಟುವುದನ್ನೂ ಪಾಠವಾಗಿ ಕಲಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಸ್ತುಗಳ ವಿನ್ಯಾಸವನ್ನೇ ಕಲಿಸುವ ಸ್ನಾತಕೋತ್ತರ ಶಿಕ್ಷಣವಿದೆ. ಲಕ್ಷ್ಮಣರಾವ್ ಅವರ ಕಾಲದಲ್ಲಿ ಹೀಗಿರಲಿಲ್ಲ. ಅವರಿಗೆ ದೊರೆತದ್ದು ಚಿತ್ರಕಲೆಯ ಶಾಲೆ. ಉಳಿದ ಪಾಠವನ್ನು ಅವರು ಯಂತ್ರಗಳಿಂದಲೂ ರೈತರಿಂದಲೂ ಕಲಿಯಬೇಕಾಯಿತು. ಆ ಪಾಠದಲ್ಲಿ ತುಂಬ ಕಷ್ಟದ ಅಧ್ಯಾಯ ಯಾವುದು ಗೊತ್ತೇ? ಒಂದು ನೇಗಿಲು!

ಬಣ್ಣ ಕೈಕೊಟ್ಟಿತು, ಗೆರೆ ಕೈಹಿಡಿಯಿತು

ಬಾಲಕ ಲಕ್ಷ್ಮಣನಿಗೆ ಶಾಲೆಯ ಪುಸ್ತಕಗಳಿಗಿಂತ ಚಿತ್ರ ಬರೆಯುವುದರಲ್ಲಿ, ಯಂತ್ರಗಳನ್ನು ನೋಡುವುದರಲ್ಲಿ ಹೆಚ್ಚು ಆಸಕ್ತಿ. ಅಣ್ಣ ರಾಮುಅಣ್ಣನವರ ನೆರವಿನಿಂದ 1885ರಲ್ಲಿ ಮುಂಬೈಗೆ ಹೋಗಿ ಸರ್ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಸುಮಾರು ಎರಡು ವರ್ಷ ಕಲಿತ ಮೇಲೆ ಒಂದು ಸಂಗತಿ ತಿಳಿಯಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಅವರಿಗೆ ಭಾಗಶಃ ವರ್ಣಾಂಧತೆ ಇತ್ತು.

ವರ್ಣಾಂಧತೆ ಎಂದರೆ ಕುರುಡಲ್ಲ. ನಮ್ಮ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಬಣ್ಣವನ್ನು ಗುರುತಿಸುವ ಶಂಕು ಕೋಶಗಳಿವೆ. ಇವು ಮೂರು ಬಗೆ. ಇವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ಕೆಲವು ಬಣ್ಣಗಳು ಒಂದೇ ಥರ ಕಾಣುತ್ತವೆ. ಹೆಚ್ಚಿನವರಿಗೆ ಕೆಂಪು ಮತ್ತು ಹಸಿರನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ. ಇದು ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು.

ಚಿತ್ರಕಾರನಾಗಬೇಕೆಂದು ಊರು ಬಿಟ್ಟು ಬಂದ ಹುಡುಗನಿಗೆ ಇದು ಎಂಥ ಪೆಟ್ಟು ಎಂದು ನೀವೇ ಊಹಿಸಿ. ಆದರೆ ಬಣ್ಣ ಬೇಡದ ಚಿತ್ರವೂ ಒಂದಿದೆ. ಅದು ಯಂತ್ರದ ನಕ್ಷೆ. ಒಂದು ಯಂತ್ರದ ಭಾಗವನ್ನು ಮುಂದಿನಿಂದ, ಬದಿಯಿಂದ, ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಮೂರು ಚಿತ್ರಗಳಲ್ಲಿ ತೋರಿಸಬಹುದು. ಪ್ರತಿ ಗೆರೆಯ ಪಕ್ಕದಲ್ಲಿ ಅದರ ಅಳತೆ ಇರುತ್ತದೆ. ಇಂಥ ನಕ್ಷೆ ಕೈಗೆ ಸಿಕ್ಕಿದರೆ, ಆ ವಸ್ತುವನ್ನು ಎಂದೂ ನೋಡದ ಬಡಗಿ ಅಥವಾ ಕಮ್ಮಾರ ಕೂಡ ಅದನ್ನು ತಯಾರಿಸಬಲ್ಲ. ಲಕ್ಷ್ಮಣರಾವ್ ಈ ವಿದ್ಯೆಯನ್ನು ಚೆನ್ನಾಗಿ ಕಲಿತರು. ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರ ನಕ್ಷೆಯ ಶಿಕ್ಷಕರಾದರು. ಪಾಠದ ಜೊತೆಗೆ ಅಲ್ಲಿನ ಯಂತ್ರಗಳ ಕೆಲಸವನ್ನೂ ಅರಿತುಕೊಂಡರು.

ಸೈಕಲ್ ಅಂಗಡಿಯಿಂದ ಕಾರ್ಖಾನೆಗೆ

ಆಗ ಸೈಕಲ್ ಎಂದರೆ ಊರಿಗೆ ಊರೇ ನೋಡಲು ಬರುತ್ತಿದ್ದ ಹೊಸ ವಸ್ತು. ಲಕ್ಷ್ಮಣರಾವ್ ಮುಂಬೈಯಿಂದ ಸೈಕಲ್‌ಗಳನ್ನು ಕಳಿಸುತ್ತಿದ್ದರು. ರಾಮುಅಣ್ಣನವರು ಬೆಳಗಾವಿಯಲ್ಲಿ ಅವುಗಳನ್ನು ಮಾರುತ್ತಿದ್ದರು. ಕೊಂಡವರಿಗೆ ಸವಾರಿಯನ್ನೂ ಕಲಿಸುತ್ತಿದ್ದರು! ಕಿರ್ಲೋಸ್ಕರ್ ಸಂಸ್ಥೆ ತನ್ನ ಆರಂಭವನ್ನು 1888ರಿಂದ ಎಣಿಸುತ್ತದೆ.

ಕೆಲವು ವರ್ಷಗಳ ನಂತರ ಲಕ್ಷ್ಮಣರಾವ್ ಅವರಿಗೆ ಸಿಗಬೇಕಾಗಿದ್ದ ಬಡ್ತಿ ತಪ್ಪಿತು. ಅವರು ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಇಲ್ಲಿಂದ ಅವರ ನಿಜವಾದ ಕೆಲಸ ಶುರುವಾಯಿತು. ಬೇರೆಯವರು ಮಾಡಿದ ವಸ್ತುವನ್ನು ಮಾರುವುದು ಒಂದು ಕೆಲಸ. ಜನರಿಗೆ ಬೇಕಾದ ವಸ್ತುವನ್ನು ತಾನೇ ಮಾಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಹೊರದೇಶದ ತಾಂತ್ರಿಕ ಪತ್ರಿಕೆಗಳನ್ನು ಓದಿ, ಯಂತ್ರಗಳನ್ನು ಬಿಚ್ಚಿ ಜೋಡಿಸಿ ಕಲಿಯುತ್ತ ಒಂದು ಚಿಕ್ಕ ಕಾರ್ಖಾನೆ ಕಟ್ಟಿದರು.

ಅವರ ಮೊದಲ ವಸ್ತುಗಳಲ್ಲಿ ಒಂದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಪ್ಪ ದಂಟನ್ನು ಬಿಟ್ಟುಬಿಡುತ್ತವೆ. ಚಿಕ್ಕದಾಗಿ ಕತ್ತರಿಸಿ ಹಾಕಿದರೆ ಮೇವು ಅಷ್ಟಾಗಿ ಹಾಳಾಗುವುದಿಲ್ಲ. ಈ ಯಂತ್ರದಲ್ಲಿ ಒಂದು ಭಾರವಾದ ಗಾಲಿ ಇದೆ. ಅದಕ್ಕೆ ಕತ್ತಿಗಳನ್ನು ಜೋಡಿಸಿರುತ್ತಾರೆ. ಕೈಯಿಂದ ಗಾಲಿ ತಿರುಗಿಸಿದಾಗ ಅದರ ಭಾರವೇ ನಮಗೆ ನೆರವಾಗುತ್ತದೆ. ಒಮ್ಮೆ ವೇಗ ಪಡೆದ ಭಾರದ ಗಾಲಿ ಬೇಗ ನಿಲ್ಲುವುದಿಲ್ಲ. ಕತ್ತಿ ದಂಟಿಗೆ ತಾಗಿ ತಡೆ ಬಂದಾಗಲೂ ತನ್ನಲ್ಲಿರುವ ಚಲನಶಕ್ತಿಯಿಂದ ಮುಂದೆ ಸಾಗುತ್ತದೆ. ಇದು ನೀವು ಓದುವ ಜಡತ್ವದ ಪಾಠವೇ ಅಲ್ಲವೇ?

ಯಾರೂ ಕೊಳ್ಳದ ನೇಗಿಲು

ಮುಂದೆ 1903ರ ಸುಮಾರಿಗೆ ಕಬ್ಬಿಣದ ನೇಗಿಲು ಬಂತು. ನಮ್ಮ ಹಳೆಯ ಮರದ ನೇಗಿಲು ಮಣ್ಣನ್ನು ಸೀಳಿ ಎರಡೂ ಬದಿಗೆ ಸರಿಸುತ್ತದೆ. ಕಬ್ಬಿಣದ ನೇಗಿಲಿನ ಕುಳ ಮಣ್ಣನ್ನು ಅಡಿಯಿಂದ ಕತ್ತರಿಸುತ್ತದೆ. ಅದರ ಹಿಂದಿರುವ ಬಾಗಿದ ರೆಕ್ಕೆ ಆ ಮಣ್ಣನ್ನು ಎತ್ತಿ ಮಗುಚಿ ಹಾಕುತ್ತದೆ. ಆಗ ಕಳೆಗಿಡಗಳ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಎಲೆ, ಕಡ್ಡಿ ಮಣ್ಣಿನೊಳಗೆ ಸೇರಿ ಕೊಳೆತು ಗೊಬ್ಬರವಾಗುತ್ತದೆ.

ಇಂಥ ನೇಗಿಲನ್ನು ಮಾಡುವುದು ಸುಲಭವಲ್ಲ. ಮೊದಲು ನಕ್ಷೆ ಬರೆಯಬೇಕು. ನಕ್ಷೆಯಂತೆ ಮರದಲ್ಲಿ ಮಾದರಿ ಕೆತ್ತಬೇಕು. ಮಾದರಿಯ ಸುತ್ತ ಒದ್ದೆ ಮರಳನ್ನು ಗಟ್ಟಿಯಾಗಿ ತುಂಬಿ, ಮಾದರಿಯನ್ನು ಹೊರತೆಗೆದರೆ ಅದೇ ಆಕಾರದ ಟೊಳ್ಳು ಉಳಿಯುತ್ತದೆ. ಇದೇ ಅಚ್ಚು. ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬೀಡು ಕಬ್ಬಿಣವನ್ನು ಇದಕ್ಕೆ ಎರೆಯಬೇಕು. ಇಲ್ಲೊಂದು ಸೂಕ್ಷ್ಮವಿದೆ. ಆರಿದಾಗ ಕಬ್ಬಿಣ ಕುಗ್ಗುತ್ತದೆ, ಸುಮಾರು ನೂರಕ್ಕೆ ಒಂದು ಪಾಲಿನಷ್ಟು. ಆದ್ದರಿಂದ ಮರದ ಮಾದರಿಯನ್ನು ಬೇಕಾದ ಅಳತೆಗಿಂತ ಚೂರು ದೊಡ್ಡದಾಗಿಯೇ ಮಾಡಬೇಕು. ಇಲ್ಲದಿದ್ದರೆ ಒಂದು ಭಾಗ ಇನ್ನೊಂದಕ್ಕೆ ಕೂಡುವುದಿಲ್ಲ.

ಇಷ್ಟೆಲ್ಲ ಪಾಡುಪಟ್ಟು ಮಾಡಿದ ನೇಗಿಲುಗಳು ಅಂಗಡಿಯಲ್ಲೇ ನಿಂತವು. ಕೊಳ್ಳುವವರೇ ಇಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ರೈತರ ಭಯವಾಗಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಹಾಕಿದ ಹಣ ಹಿಂದಿರುಗದೆ, ಹೊಸ ಕಬ್ಬಿಣಕ್ಕೆ ಹಣವಿಲ್ಲದೆ ಚಿಕ್ಕ ಕಾರ್ಖಾನೆ ಎರಡು ವರ್ಷ ಬದುಕುವುದು ಎಷ್ಟು ಕಷ್ಟ ಎಂದು ಯೋಚಿಸಿ.

ರೈತರ ಭಯ ನಿಜವೇ? ಅಲ್ಲ. ಭೂಮಿಯ ಹೊರಪದರದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಸುಮಾರು ಐದು ಪಾಲು ಕಬ್ಬಿಣವೇ ಇದೆ. ನಮ್ಮ ಕೆಂಪು ಮಣ್ಣು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ. ಗಿಡಗಳಿಗೂ ಸ್ವಲ್ಪ ಕಬ್ಬಿಣ ಬೇಕೇ ಬೇಕು. ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ.

ಹಾಗೆಂದು ರೈತರನ್ನು ನೋಡಿ ನಗಬಾರದು. ಅವರ ಜಾಗದಲ್ಲಿ ನಿಂತು ನೋಡಿ. ಮಳೆ ನಂಬಿದ ಹೊಲ. ವರ್ಷಕ್ಕೊಂದು ಬೆಳೆ. ಹೊಸ ವಸ್ತುವನ್ನು ನಂಬಿ ಒಂದು ಬೆಳೆ ಕೈತಪ್ಪಿದರೆ ಮನೆಯವರೆಲ್ಲ ಉಪವಾಸ, ಮೇಲೆ ಸಾಲ. ತಯಾರಿಸಿದವರಿಗೆ ಹೋಗುವುದು ಒಂದು ನೇಗಿಲು, ಕೊಂಡವರಿಗೆ ಹೋಗುವುದು ಒಂದು ವರ್ಷದ ಅನ್ನ. ಅವರು ಸಾಕ್ಷಿ ಕೇಳಿದ್ದು ಸರಿಯೇ. ಹೊಲದಲ್ಲಿ ಕಣ್ಣಾರೆ ಕಾಣುವ ಬೆಳೆಗಿಂತ ದೊಡ್ಡ ಸಾಕ್ಷಿ ಯಾವುದಿದೆ? ನಿಧಾನವಾಗಿ ಒಬ್ಬೊಬ್ಬರೇ ಕೊಂಡರು. ಬೇಡಿಕೆ ಬೆಳೆಯಿತು. ಮುಂದೆ ಕಿರ್ಲೋಸ್ಕರ್ ನೇಗಿಲು ದೂರದೂರದ ಹಳ್ಳಿಗಳನ್ನು ತಲುಪಿತು.

ಒಂದು ವಸ್ತು ಚೆನ್ನಾಗಿ ಕೆಲಸ ಮಾಡಿದರಷ್ಟೇ ಸಾಲದು, ಬಳಸುವವರ ನಂಬಿಕೆಯನ್ನೂ ಗಳಿಸಬೇಕು. ಈ ನೇಗಿಲು ಕಲಿಸುವ ಪಾಠ ಇದೇ.

ಪಾಪಾಸುಕಳ್ಳಿಯ ನಡುವೆ ಒಂದು ಊರು

ನೇಗಿಲು ಮಾರಾಟವಾಗತೊಡಗಿದ ಮೇಲೆ ಇನ್ನೊಂದು ಸಂಕಟ ಬಂತು. ಬೆಳಗಾವಿ ಪಟ್ಟಣ ಬೆಳೆಯುತ್ತಿತ್ತು. ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ಬಿಡಬೇಕೆಂದು ಪುರಸಭೆ ತಿಳಿಸಿತು. ಕುಲುಮೆ, ಯಂತ್ರಗಳನ್ನು ತೆಗೆದುಕೊಂಡು ಎಲ್ಲಿಗೆ ಹೋಗುವುದು?

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿ. ಅವರು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಅದು ಪಾಪಾಸುಕಳ್ಳಿ ಬೆಳೆದ, ಹಾವುಗಳಿದ್ದ ಬರಡು ನೆಲ. 1910ರಲ್ಲಿ ಲಕ್ಷ್ಮಣರಾವ್ ಕೆಲವೇ ಕೆಲಸಗಾರರು ಮತ್ತು ಅವರ ಕುಟುಂಬಗಳೊಂದಿಗೆ ಅಲ್ಲಿಗೆ ಹೋದರು. ಕಳ್ಳಿ ಕಡಿದು, ನೆಲ ಹಸನು ಮಾಡಿ ಕಾರ್ಖಾನೆ ಮತ್ತು ಮನೆಗಳನ್ನು ಕಟ್ಟಿದರು. ಅದೇ ಕಿರ್ಲೋಸ್ಕರ್‌ವಾಡಿ. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಈ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಜೈಲು ಶಿಕ್ಷೆ ಮುಗಿಸಿ ಬಂದವರನ್ನು ಉಳಿದವರು ದೂರ ಇಡುತ್ತಿದ್ದ ಕಾಲದಲ್ಲಿ ಲಕ್ಷ್ಮಣರಾವ್ ಅಂಥವರಿಗೂ ಕೆಲಸ ಕೊಟ್ಟರು. ರಾತ್ರಿ ಕಾವಲನ್ನೇ ಅವರಿಗೆ ಒಪ್ಪಿಸಿದರು! ಬಳಸುವವರ ನಂಬಿಕೆ ಗಳಿಸಲು ಕಷ್ಟಪಟ್ಟವರು ತಾವೂ ಬೇರೆಯವರನ್ನು ನಂಬಿದರು.

ಫಿರಂಗಿ ನೇಗಿಲಾಯಿತು

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಹೊರಗಿನಿಂದ ಬರುತ್ತಿದ್ದ ಕಬ್ಬಿಣ ಸಿಗದಂತಾಯಿತು. ಕಬ್ಬಿಣವಿಲ್ಲದೆ ನೇಗಿಲು ಎಲ್ಲಿಂದ ಬರಬೇಕು? ಆಗ ಕೊಲ್ಹಾಪುರದ ಶಾಹೂ ಮಹಾರಾಜರು ಕೋಟೆಯಲ್ಲಿ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ಕೊಟ್ಟರು. ಅವುಗಳನ್ನು ಕರಗಿಸಿ ನೇಗಿಲು ಮಾಡಲಾಯಿತು. ಲೋಹದ ಗುಣ ಇದು. ಕರಗಿಸಿದರೆ ಹಳೆಯ ಆಕಾರ ಹೋಗುತ್ತದೆ, ಲೋಹ ಉಳಿಯುತ್ತದೆ. ಯುದ್ಧದ ವಸ್ತು ಉಳುಮೆಯ ವಸ್ತುವಾಯಿತು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಷೇರು ಕಂಪನಿಯಾಯಿತು. ನೇಗಿಲಿನ ಜೊತೆಗೆ ಶೇಂಗಾ ಒಡೆಯುವ ಯಂತ್ರ, ಕಬ್ಬು ಹಿಂಡುವ ಗಾಣಗಳು ತಯಾರಾದವು. 1920ರ ದಶಕದಲ್ಲಿ ನೀರೆತ್ತುವ ಪಂಪುಗಳೂ ಸೇರಿದವು. ಇವೆಲ್ಲ ಯಾರ ವಸ್ತುಗಳು ನೋಡಿ. ಎಲ್ಲವೂ ಹೊಲದಲ್ಲಿ ದುಡಿಯುವವರಿಗೆ ಬೇಕಾದವು.

ಮುಂದಿನ ಪೀಳಿಗೆ

ಕಾಲೇಜಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆಯದ ಲಕ್ಷ್ಮಣರಾವ್ ಮಗ ಶಂತನುರಾವ್ ಅವರನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಗೆ ಓದಲು ಕಳಿಸಿದರು. ಶಂತನುರಾವ್ 1926ರಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದು ಹಿಂದಿರುಗಿ, ಕಾರ್ಖಾನೆಗಳನ್ನು ದೊಡ್ಡದಾಗಿ ಬೆಳೆಸಿದರು. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ಹಲವು ದಶಕ ಲೇತ್ ಯಂತ್ರಗಳನ್ನು ತಯಾರಿಸಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಂಪನಿ ಹುಟ್ಟಿತು.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗಾಗಿ ಅಂಚೆಚೀಟಿ ಹೊರತಂದಿತು.

ನಿಮ್ಮಲ್ಲಿ ಕೆಲವರು ಮುಂದೆ ಕಾಲೇಜಿನಲ್ಲಿ ವಸ್ತು ವಿನ್ಯಾಸವನ್ನೋ ಉದ್ಯಮವನ್ನೋ ಓದಬಹುದು. ಅಲ್ಲಿ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಗಳು ಹೀಗಿರುತ್ತವೆ: ಈ ವಸ್ತು ಯಾರಿಗೆ ಬೇಕು? ಈಗ ಅವರು ಏನು ಬಳಸುತ್ತಿದ್ದಾರೆ? ಹೊಸದನ್ನು ಬಳಸಲು ಅವರು ಏಕೆ ಹೆದರುತ್ತಾರೆ? ಉತ್ತರ ಹುಡುಕಲು ಕಾಲೇಜು ಸೇರುವ ತನಕ ಕಾಯಬೇಕಾಗಿಲ್ಲ.

ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ದಿನವೂ ಬಳಸುವ ಒಂದು ವಸ್ತುವನ್ನು ಆರಿಸಿ. ಕುಡುಗೋಲು, ಈಳಿಗೆ, ಮೊರ, ಯಾವುದಾದರೂ ಆಗಬಹುದು.
2. ಅದರ ಮುಂದಿನ, ಬದಿಯ ಮತ್ತು ಮೇಲಿನ ನೋಟವನ್ನು ಬರೆಯಿರಿ. ಅಳತೆಪಟ್ಟಿಯಿಂದ ಅಳೆದು ಅಳತೆಗಳನ್ನು ನಮೂದಿಸಿ. ಹರಿತವಾದ ವಸ್ತುವಾದರೆ ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ.
3. ಅದನ್ನು ಬಳಸುವವರ ಹತ್ತಿರ ಕುಳಿತು ಕೇಳಿ. ಎಲ್ಲಿ ಕೈ ನೋಯುತ್ತದೆ? ಯಾವ ಭಾಗ ಬೇಗ ಸವೆಯುತ್ತದೆ? ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ.
4. ಒಂದೇ ಒಂದು ಬದಲಾವಣೆ ಮಾಡಿ ಹೊಸ ನಕ್ಷೆ ಬರೆಯಿರಿ. ಅದನ್ನು ಮತ್ತೆ ಅವರಿಗೇ ತೋರಿಸಿ. ಬೇಡವೆಂದರೆ ಬೇಸರಪಡದೆ ಏಕೆ ಎಂದು ಕೇಳಿ, ಇನ್ನೊಮ್ಮೆ ತಿದ್ದಿ.
5. ನಿಮ್ಮ ನಕ್ಷೆಯನ್ನು ಗೆಳೆಯನಿಗೋ ಗೆಳತಿಗೋ ಕೊಡಿ. ನೀವು ಏನನ್ನೂ ಹೇಳದೆ, ನಕ್ಷೆ ನೋಡಿಯೇ ಅವರು ಜೇಡಿಮಣ್ಣಿನಲ್ಲಿ ಅದನ್ನು ಮಾಡಬಲ್ಲರೇ? ಮಾಡಿದರೆ ನಿಮ್ಮ ನಕ್ಷೆ ಗೆದ್ದಿತು!