ಇಪ್ಪತ್ತೈದರಲ್ಲಿ ಹೊಸ ಅಕ್ಷರಾಭ್ಯಾಸ: ಡಾ. ಝಾಕಿರ್ ಹುಸೇನ್

ಭಾರತದ ಮೂರನೆಯ ರಾಷ್ಟ್ರಪತಿ ಹಾಗೂ ಆ ಹುದ್ದೆಗೇರಿದ ಮೊದಲ ಮುಸ್ಲಿಮ್ ಮರ್ಹೂಮ್ ಡಾ. ಝಾಕಿರ್ ಹುಸೇನ್ ಅವರ ಹೆಸರನ್ನು ನಾವೆಲ್ಲ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ್ದೇವೆ. ಅವರು ಡಾಕ್ಟರೇಟ್ ಪಡೆದದ್ದು ಜರ್ಮನಿಯಲ್ಲಿ, ಜರ್ಮನ್ ಭಾಷೆಯಲ್ಲಿ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

ಅವರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಮನೆತನ ಉತ್ತರ ಪ್ರದೇಶದ ಕಾಯಮ್‌ಗಂಜ್‌ನದು. ತಂದೆ ಫಿದಾ ಹುಸೇನ್ ಖಾನ್ ವಕೀಲರಾಗಿದ್ದರು. ಮಗನಿಗೆ ಹತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. 1911ರಲ್ಲಿ ಪ್ಲೇಗು ತಾಯಿಯನ್ನೂ ಒಯ್ದಿತು. ಅನಾಥನಾದ ಹುಡುಗ ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನಲ್ಲಿ ಓದು ಮುಂದುವರಿಸಿದ. ಡಾಕ್ಟರಾಗಬೇಕೆಂದು ಲಖನೌದಲ್ಲಿ ಕಾಲೇಜು ಸೇರಿದರೂ ಕಾಯಿಲೆ ಬಿದ್ದು ಅದನ್ನು ಬಿಡಬೇಕಾಯಿತು. ಮತ್ತೆ ಅಲಿಗಢದ ಕಾಲೇಜಿಗೆ ಸೇರಿ ತತ್ವಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಅರ್ಥಶಾಸ್ತ್ರ ಓದಿದರು. ಪಿಯುಸಿಯಲ್ಲಿ ಒಂದು ದಾರಿ ಮುಚ್ಚಿದರೆ ಬದುಕೇ ಮುಗಿಯಿತೆಂದು ಕೊರಗುವವರು ಈ ತಿರುವನ್ನು ಗಮನಿಸಬೇಕು.

1920ರಲ್ಲಿ ಗಾಂಧೀಜಿ ಅಸಹಕಾರ ಚಳವಳಿಗೆ ಕರೆ ಕೊಟ್ಟರು. ಸರಕಾರದ ಹಣದಿಂದ ನಡೆಯುವ ಕಾಲೇಜನ್ನು ಬಿಟ್ಟು ಹೊರಬಂದ ಅಲಿಗಢದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಲ್ಲಿ ಝಾಕಿರ್ ಹುಸೇನ್ ಕೂಡ ಒಬ್ಬರು. ಅದೇ ವರ್ಷ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆರಂಭವಾಯಿತು.

1922ರಲ್ಲಿ ಅವರು ಉನ್ನತ ವಿದ್ಯಾಭ್ಯಾಸಕ್ಕೆಂದು ಹೊರಟರು. ಆ ಕಾಲದಲ್ಲಿ ಭಾರತದಿಂದ ಓದಲು ಹೋಗುವವರು ಹೆಚ್ಚಾಗಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಝಾಕಿರ್ ಹುಸೇನ್ ಆರಿಸಿಕೊಂಡದ್ದು ಬರ್ಲಿನ್. ಅಲ್ಲಿ ಪಾಠ ನಡೆಯುವುದು ಜರ್ಮನ್‌ನಲ್ಲಿ, ಪ್ರಬಂಧ ಬರೆಯಬೇಕಾದದ್ದೂ ಜರ್ಮನ್‌ನಲ್ಲಿ. ಉರ್ದು ಮತ್ತು ಇಂಗ್ಲಿಷಿನಲ್ಲಿ ಪಳಗಿದ್ದ ಇಪ್ಪತ್ತೈದರ ಯುವಕ ಮತ್ತೊಮ್ಮೆ ಭಾಷೆ ಕಲಿಯುವ ಬೆಂಚಿಗೆ ಬಂದರು.

ಜರ್ಮನ್ ಕಲಿಯುವವನಿಗೆ ಮೊದಲು ಎದುರಾಗುವುದು ಲಿಂಗದ ಸಮಸ್ಯೆ. ಪ್ರತಿಯೊಂದು ನಾಮಪದದ ಮುಂದೆಯೂ ಡೇರ್, ಡೀ, ಡಾಸ್ ಎಂಬ ಮೂರರಲ್ಲಿ ಒಂದು ಬರಬೇಕು. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು. ಜರ್ಮನ್‌ನಲ್ಲಿ ಅದು ಸಾಗದು. ಅಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹುಡುಗಿ ನಪುಂಸಕಲಿಂಗ! ಉರ್ದು ಬಲ್ಲವರಿಗೆ ಇದು ಅಷ್ಟು ವಿಚಿತ್ರವಲ್ಲ; ಉರ್ದುವಿನಲ್ಲೂ ಕಿತಾಬ್ ಸ್ತ್ರೀಲಿಂಗ, ಕಾಗಜ್ ಪುಲ್ಲಿಂಗ. ಕನ್ನಡ ಬಲ್ಲವರಿಗೂ ಒಂದು ಅನುಕೂಲವಿದೆ. ಜರ್ಮನ್‌ನ ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೆ ಬರುತ್ತದೆ. ನಮ್ಮ ಸಮಾಸಪದಗಳ ಹಾಗೆ ಅಲ್ಲಿಯೂ ಪದಗಳು ಒಂದಕ್ಕೊಂದು ಸೇರಿ ಉದ್ದವಾಗುತ್ತವೆ. ಹಾಗಾಗಿ ಹೊಸ ಭಾಷೆಗೆ ಕಾಲಿಡುವಾಗ ಮನೆಮಾತು ಅಡ್ಡಿಯಾಗುವುದಕ್ಕಿಂತ ನೆರವಾಗುವುದೇ ಹೆಚ್ಚು.

ಆಗ ಜರ್ಮನಿಯ ಸ್ಥಿತಿಯೂ ಚೆನ್ನಾಗಿರಲಿಲ್ಲ. ಮಹಾಯುದ್ಧದಲ್ಲಿ ಸೋತ ದೇಶ. 1923ರಲ್ಲಿ ಅದರ ಹಣಕ್ಕೆ ಕಾಗದದ ಬೆಲೆಯೂ ಉಳಿಯಲಿಲ್ಲ. ಅಂಥ ನಗರದಲ್ಲಿದ್ದುಕೊಂಡು ಝಾಕಿರ್ ಹುಸೇನ್ ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯ ಬಗ್ಗೆ ಜರ್ಮನ್‌ನಲ್ಲಿ ಮಹಾಪ್ರಬಂಧ ಬರೆದು 1926ರಲ್ಲಿ ಡಾಕ್ಟರೇಟ್ ಪಡೆದರು. ಗಾಂಧೀಜಿಯವರ ವಿಚಾರಗಳನ್ನು ಪರಿಚಯಿಸುವ ಪುಸ್ತಕವೊಂದನ್ನು ಜರ್ಮನ್ ಸಂಗಡಿಗರೊಬ್ಬರ ಜೊತೆ ಸೇರಿ ಅದೇ ಭಾಷೆಯಲ್ಲಿ ಹೊರತಂದರು. 1925ರಲ್ಲಿ ಬರ್ಲಿನ್ನಿನ ಕಾವಿಯಾನಿ ಮುದ್ರಣಾಲಯದಲ್ಲಿ ಮಿರ್ಜಾ ಗಾಲಿಬರ ದೀವಾನನ್ನು ಅಂದವಾಗಿ ಮುದ್ರಿಸಿದರು. ಹೊಸ ಭಾಷೆ ಬಂತೆಂದು ಹಳೆಯದನ್ನು ಅವರು ಬಿಡಲಿಲ್ಲ.

ಅಷ್ಟರಲ್ಲಿ ಊರಿನಿಂದ ಕೆಟ್ಟ ಸುದ್ದಿ ಬಂತು. ಖಿಲಾಫತ್ ಚಳವಳಿ ಮುಗಿದು ಹಣದ ಮೂಲ ಬತ್ತಿದ್ದರಿಂದ ಜಾಮಿಯಾ ಮುಚ್ಚುವ ಸ್ಥಿತಿಗೆ ಬಂದಿತ್ತು. ಜರ್ಮನಿಯಲ್ಲಿದ್ದ ಝಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಮೂವರೂ ಜಾಮಿಯಾಕ್ಕೇ ದುಡಿಯುವುದೆಂದು ತೀರ್ಮಾನಿಸಿದರು. 1926ರಲ್ಲಿ ಮರಳಿದ ಝಾಕಿರ್ ಹುಸೇನ್ 29ನೇ ವಯಸ್ಸಿಗೆ ಅದರ ಕುಲಪತಿಯಾದರು. ಬರ್ಲಿನ್ ಪದವಿಗೆ ಒಳ್ಳೆಯ ಸಂಬಳದ ಕೆಲಸ ಸಿಗುವುದು ಕಷ್ಟವಿರಲಿಲ್ಲ. ಆದರೆ 1928ರಲ್ಲಿ ಅವರೂ ಸಹೋದ್ಯೋಗಿಗಳೂ ಮಾಡಿದ ಪ್ರತಿಜ್ಞೆ ಬೇರೆಯೇ ಆಗಿತ್ತು: ಇಪ್ಪತ್ತು ವರ್ಷ ಸೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳವಿಲ್ಲ.

ಕಲಿತ ಜರ್ಮನ್ ವ್ಯರ್ಥವಾಗಲಿಲ್ಲ. ಕೈಕೆಲಸದ ಮೂಲಕ ಪಾಠ ಹೇಳುವ ಜರ್ಮನ್ ಶಿಕ್ಷಣತಜ್ಞ ಕೆರ್ಶೆನ್‌ಸ್ಟೈನರ್ ಅವರ ವಿಚಾರಗಳು ಅವರ ಮೇಲೆ ಪ್ರಭಾವ ಬೀರಿದವು. 1937ರಲ್ಲಿ ಗಾಂಧೀಜಿಯವರ ಮೂಲಶಿಕ್ಷಣ ಯೋಜನೆಯನ್ನು ರೂಪಿಸುವ ಸಮಿತಿಗೆ ಅವರೇ ಅಧ್ಯಕ್ಷರಾದರು. ಅರ್ಥಶಾಸ್ತ್ರಜ್ಞ ಫ್ರೀಡ್ರಿಕ್ ಲಿಸ್ಟ್ ಅವರ ಗ್ರಂಥವನ್ನು ಉರ್ದುವಿಗೆ ತಂದರು. ಬರ್ಲಿನ್ನಿನಲ್ಲಿ ಪರಿಚಯವಾಗಿದ್ದ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬೋರ್ನ್ ಜಾಮಿಯಾಕ್ಕೆ ಬಂದು ಮಕ್ಕಳ ಸೇವೆ ಮಾಡಿದರು. ಮಕ್ಕಳು ಅವರನ್ನು ಆಪಾ ಜಾನ್ ಎಂದು ಕರೆಯುತ್ತಿದ್ದರು. 1943ರಲ್ಲಿ ತೀರಿಕೊಂಡ ಅವರನ್ನು ಜಾಮಿಯಾದ ಖಬರಸ್ತಾನದಲ್ಲೇ ದಫನ ಮಾಡಲಾಯಿತು.

ಮುಂದೆ ಝಾಕಿರ್ ಹುಸೇನ್ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಕುಲಪತಿ, ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿ ಆದರು. 1963ರಲ್ಲಿ ಭಾರತರತ್ನ ಬಂತು. 1967ರ ಮೇ 13ರಂದು ರಾಷ್ಟ್ರಪತಿಯಾದರು. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ಅವರ ಮಖ್ಬರ ಜಾಮಿಯಾದ ಆವರಣದಲ್ಲೇ ಇದೆ. 1991ರಿಂದ 1999ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದ ಖುರ್ಷಿದ್ ಆಲಂ ಖಾನ್ ಅವರ ಅಳಿಯ.

ನಮ್ಮ ಕರಾವಳಿಗೆ ಜರ್ಮನ್ ನಂಟು ಹೊಸದಲ್ಲ. ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾನಿಘಂಟನ್ನು ಕೊಟ್ಟರು. ಕನ್ನಡದಿಂದ ಜರ್ಮನ್ ಕಡೆಗೆ ಹೋಗುವ ಸರದಿ ಈಗ ನಮ್ಮದು. ಶಿರೂರಿನ ಎಷ್ಟೋ ಮನೆಗಳಿಗೆ ಗಲ್ಫ್‌ನ ದಾರಿ ಗೊತ್ತು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ಗೊತ್ತಿರುವವರು ಕಡಿಮೆ. ಜರ್ಮನ್ ಕಲಿಕೆಯ ಮೊದಲ ಮೆಟ್ಟಿಲಿಗೆ ಎ1 ಎಂದು ಹೆಸರು. ಪಿಯುಸಿ ಮುಗಿಸಿದವರು ಅದನ್ನು ಹತ್ತಲು ತಡವೇನೂ ಆಗಿಲ್ಲ. ಹತ್ತುವ ಮುನ್ನ ಕಲಿತದ್ದು ಯಾರಿಗೆ ಉಪಯೋಗವಾಗಬೇಕು ಎಂಬುದನ್ನೂ ಯೋಚಿಸಿಕೊಳ್ಳೋಣ. ಝಾಕಿರ್ ಹುಸೇನ್ ಬರ್ಲಿನ್ನಿನಿಂದ ಮರಳಿದ್ದು ಮುಚ್ಚುತ್ತಿದ್ದ ಒಂದು ವಿದ್ಯಾಸಂಸ್ಥೆಯ ಬಾಗಿಲು ತೆರೆದಿಡಲು.