ಸವಾಯಿ ಗಂಧರ್ವರ ಹಾಡು ನಿಲ್ಲಿಸಿದ ಲಕ್ವಾ: ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆ ತಿಳಿಯಬೇಕಾದದ್ದು

ಕುಂದಗೋಳದ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ರಾಮಭಾವು ಕುಂದಗೋಳಕರ ಅವರೇ ಸವಾಯಿ ಗಂಧರ್ವರು. 1886ರ ಜನವರಿ 19ರಂದು ಅಮರಗೋಳದಲ್ಲಿ ಹುಟ್ಟಿದರು. ಉಸ್ತಾದ್ ಅಬ್ದುಲ್ ಕರೀಂ ಖಾನರ ಬಳಿ ಕಿರಾಣಾ ಘರಾಣೆಯ ಗಾಯನ ಕಲಿತರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಹಾಡಿ ಹೆಸರಾದರು. ಭೀಮಸೇನ ಜೋಶಿ ಕುಂದಗೋಳದ ಗುರುಮನೆಯಲ್ಲೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು.

1942ರಲ್ಲಿ ಅವರಿಗೆ ಲಕ್ವಾ ಹೊಡೆಯಿತು. ವೇದಿಕೆಯ ಗಾಯನ ಅಲ್ಲಿಗೇ ನಿಂತಿತು. ಪಾಠ ಮಾತ್ರ ನಿಲ್ಲಲಿಲ್ಲ. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. 1948ರಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದ ವಾರ್ಫರಿನ್, ಮನುಷ್ಯರಿಗೆ ಔಷಧಿಯಾದದ್ದು 1954ರಲ್ಲಿ.

ಈಗ ಏನಿದೆ?

ಲಕ್ವಾದಲ್ಲಿ ಎರಡು ಬಗೆ: ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಇಲ್ಲವೇ ಒಡೆಯುವುದು. ಕಟ್ಟಿಕೊಂಡ ಬಗೆಗೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಕೊಡುತ್ತಾರೆ. ಹೃದಯದ ಬಡಿತ ಏರುಪೇರಾಗಿ ಅಲ್ಲಿಂದ ಗಡ್ಡೆ ಬರುವ ಭಯವಿದ್ದರೆ ವಾರ್ಫರಿನ್, ಅಪಿಕ್ಸಬಾನ್‌ನಂಥವು. ಇವು ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಗ್ಗಿಸುತ್ತವೆ. ಹಾಗಾಗಿ ಹೊಟ್ಟೆಯಲ್ಲಿ ಹುಣ್ಣಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ವಯಸ್ಸಾದವರಿಗೆ, ಹಳೆಯ ಅಲ್ಸರ್ ಇರುವವರಿಗೆ, ಸಾರಾಯಿ ಕುಡಿಯುವವರಿಗೆ ಅಪಾಯ ಹೆಚ್ಚು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಈ ಅಪಾಯವನ್ನು ಇನ್ನೂ ಏರಿಸುತ್ತವೆ.

ಯಾವಾಗ ಓಡಬೇಕು?

ಮಲ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ಕೆಟ್ಟ ವಾಸನೆ ಬಂದರೆ. ಮಲದಲ್ಲಿ ಕೆಂಪು ರಕ್ತ ಕಂಡರೆ. ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಬಂದರೆ. ತಲೆ ತಿರುಗಿ ಬೆವರಿದರೆ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಮಾತ್ರೆಗಳ ಚೀಟಿ ಜೊತೆಗಿರಲಿ.

ಫಾರ್ವರ್ಡ್‌ಗಳ ಮಾತು ನಿಜವೇ?

ಬೆರಳ ತುದಿಗೆ ಸೂಜಿ ಚುಚ್ಚಿದರೆ ಲಕ್ವಾ ವಾಸಿ ಎನ್ನುವುದು ಸುಳ್ಳು. ಅದರಿಂದ ಹೋಗುವುದು ಅಮೂಲ್ಯ ಸಮಯ. ಮಾತ್ರೆ ಬಿಟ್ಟು ಬೆಳ್ಳುಳ್ಳಿ ತಿನ್ನಿ ಎನ್ನುವುದೂ ತಪ್ಪು. ರಕ್ತಸ್ರಾವದ ಹೆದರಿಕೆಯಿಂದ ನೀವಾಗಿಯೇ ಮಾತ್ರೆ ಬಿಟ್ಟರೆ ಲಕ್ವಾ ಮರಳಬಹುದು. ಹೊಟ್ಟೆ ಕಾಯುವ ಮಾತ್ರೆ ಬೇಕೇ ಎಂದು ವೈದ್ಯರನ್ನೇ ಕೇಳಿ. ವಾರ್ಫರಿನ್ ತೆಗೆದುಕೊಳ್ಳುವವರು ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬಾರದು.

ಸವಾಯಿ ಗಂಧರ್ವರ ಕಾಲದಲ್ಲಿ ಇಲ್ಲದ ಔಷಧಿ ಇಂದು ನಮ್ಮ ಕೈಯಲ್ಲಿದೆ. ಮನೆಯ ಹಿರಿಯರು ಯಾವ ಮಾತ್ರೆ ನುಂಗುತ್ತಿದ್ದಾರೆಂದು ಇವತ್ತೇ ನೋಡಿ, ಬೇಕಾದವರಿಗೆ ಇದನ್ನು ಕಳಿಸಿ.