ನಕಾಶೆ ಕತ್ತರಿಸಿದ ಜಾನ್ ಸ್ಪಿಲ್ಸ್‌ಬರಿ

ಮಕ್ಕಳಿಗೆ ಪ್ರೇರಣೆ ಆಗುವಂಥ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಫೋನ್ ಮಾಡಿದರು. ವಿಶ್ವೇಶ್ವರಯ್ಯನವರ ಬಗ್ಗೆ, ಅಂಬೇಡ್ಕರರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಆರಿಸಿಕೊಂಡವನ ಫೋಟೊ ನಮ್ಮ ಶಾಲೆಯ ಯಾವ ಗೋಡೆಯ ಮೇಲೂ ಇರಲಿಲ್ಲ. ಆದರೆ ಆತ ಕಂಡುಕೊಂಡ ವಿದ್ಯೆ 8ನೇ ತರಗತಿಯ ಕಪಾಟಿನಲ್ಲಿ, ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಇತ್ತು.

1976ರಲ್ಲಿ ಕಲಿತವರಿಗೆ ಆ ಡಬ್ಬಿ ನೆನಪಿರಬೇಕು. ಸಮಾಜ ಪಾಠದ ಗುರುಗಳು ಬಿ.ಎಡ್. ಓದುವಾಗ ಪಾಠೋಪಕರಣ ಮಾಡುವುದನ್ನು ಕಲಿತಿದ್ದರು. ಕರ್ನಾಟಕದ ನಕಾಶೆಯನ್ನು ಪ್ಲೈವುಡ್ ಮೇಲೆ ಅಂಟಿಸಿ, ಜಿಲ್ಲೆಯ ಗಡಿಗುಂಟ ಬಡಿಗೇರರಿಂದ ಕೊಯ್ಯಿಸಿ ತಂದಿದ್ದರು. ಆಗ 19 ಜಿಲ್ಲೆ, 19 ತುಂಡು. ಬೀದರ್ ಮೇಲೆ ಬರಬೇಕು, ಕೋಲಾರ ಬಲಕ್ಕೆ ಬರಬೇಕು ಎಂದು ಬಾಯಿಪಾಠ ಮಾಡದೆ ಕೈಯಿಂದಲೇ ಕಲಿತೆವು. ಆ ಡಬ್ಬಿಯ ಬಗ್ಗೆ ಇನ್ನೊಂದು ಮಾತು ಹೇಳುವುದಿದೆ, ಅದು ಕಡೆಯಲ್ಲಿ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಮಗಳು ಪುಣೆಯಿಂದ ಬಂದಾಗ 500 ತುಂಡುಗಳ ಒಂದು ಜಿಗ್‌ಸಾ ಪಜಲ್ ತಂದು ಊಟದ ಮೇಜಿನ ಮೇಲೆ ಇಟ್ಟು ಹೋದಳು. ಮುಟ್ಟಬಾರದು ಎಂದುಕೊಂಡೇ ಮುಟ್ಟಿದೆ. ಮೊದಲು ಅಂಚಿನ ತುಂಡುಗಳನ್ನು ಬೇರೆ ಮಾಡುವುದು, ಆಮೇಲೆ ಬಣ್ಣ ಬಣ್ಣಕ್ಕೆ ಗುಡ್ಡೆ ಹಾಕುವುದು, ಹೀಗೆ ಅರ್ಧ ತಾಸು ಕಳೆದರೆ ತಲೆಯೊಳಗಿನ ಲೆಕ್ಕಾಚಾರವೆಲ್ಲ ನಿಂತುಹೋಗುತ್ತದೆ. ಫೋನಿನಲ್ಲೂ ಆಡಿ ನೋಡಿದ್ದೇನೆ. ಅಲ್ಲಿ ತುಂಡು ಕಳೆಯುವ ಭಯವಿಲ್ಲ, ಆದರೆ ಬೆರಳಿಗೆ ಏನೂ ಸಿಗುವುದಿಲ್ಲ. ಇದನ್ನು ಮೊದಲು ಮಾಡಿದವರು ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕವನೇ ಜಾನ್ ಸ್ಪಿಲ್ಸ್‌ಬರಿ.

ಆತ ಹುಟ್ಟಿದ್ದು 1739ರಲ್ಲಿ, ಇಂಗ್ಲೆಂಡಿನಲ್ಲಿ. ಮೂವರು ಗಂಡುಮಕ್ಕಳಲ್ಲಿ ನಡುವಿನವನು. ಅಣ್ಣತಮ್ಮಂದಿರಲ್ಲಿ ಜೊನಾಥನ್ ಎಂಬವನೂ ಕೆತ್ತನೆಯ ಕೆಲಸದವನೇ ಆಗಿ ಹೆಸರು ಮಾಡಿದ. ಹೀಗಾಗಿ ಇವನ ಕೆಲಸ ಅವನ ಹೆಸರಿಗೆ, ಅವನ ಕೆಲಸ ಇವನ ಹೆಸರಿಗೆ ಹೋದದ್ದೂ ಉಂಟು. ಜಾನ್ ಕಲಿಯಲು ಹೋದದ್ದು ಲಂಡನ್ನಿನ ಥಾಮಸ್ ಜೆಫ್ರಿಸ್ ಎಂಬ ದೊಡ್ಡ ನಕಾಶೆಗಾರನ ಬಳಿಗೆ. ಜೆಫ್ರಿಸ್‌ಗೆ ದೊರೆ ಮೂರನೇ ಜಾರ್ಜನ ಭೂಗೋಳಕಾರ ಎಂಬ ಬಿರುದು ಇತ್ತು.

ಆ ಕಾಲದ ನಕಾಶೆ ಕೆಲಸವೆಂದರೆ ಕಣ್ಣಿಗೆ ಶಿಕ್ಷೆ. ತಾಮ್ರದ ತಗಡಿನ ಮೇಲೆ ನದಿ, ಬೆಟ್ಟ, ಊರಿನ ಹೆಸರುಗಳನ್ನು ಮೊನಚಾದ ಉಳಿಯಿಂದ ಕೆತ್ತಬೇಕು. ಅದೂ ಕನ್ನಡಿಯಲ್ಲಿ ಕಂಡಂತೆ ತಿರುವು ಮುರುವಾಗಿ. ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದಾಗ ಮಾತ್ರ ಅದು ಸರಿಯಾಗಿ ಕಾಣುತ್ತದೆ. ಅಚ್ಚಾದ ಮೇಲೆ ಪ್ರತಿಯೊಂದಕ್ಕೂ ಕೈಯಿಂದ ಬಣ್ಣ. ಇಂಥ ಕೆಲಸದಲ್ಲಿ ವರ್ಷಗಟ್ಟಲೆ ಪಳಗಿದವನಿಗೆ ಯಾವ ದೇಶದ ಗಡಿ ಎಲ್ಲಿ ಡೊಂಕಾಗುತ್ತದೆ ಎಂಬುದು ಕೈಗೇ ತಿಳಿದಿರುತ್ತದೆ. ಅದನ್ನೇ ಮಕ್ಕಳ ಕೈಗೂ ತಿಳಿಸಬಹುದು ಎಂದು ಆತನಿಗೆ ಹೊಳೆದಿರಬೇಕು ಎಂಬುದು ನನ್ನ ಊಹೆ.

ಕಲಿಕೆ ಮುಗಿಸಿ, ಲಂಡನ್ನಿನ ಡ್ರೂರಿ ಲೇನ್ ಬೀದಿಯ ಪಕ್ಕದ ರಸೆಲ್ ಕೋರ್ಟ್ ಎಂಬ ಓಣಿಯಲ್ಲಿ ಸ್ವಂತ ಅಂಗಡಿ ಇಟ್ಟ. 1760ರ ದಶಕದಲ್ಲಿ ಅಲ್ಲಿ ಆತ ಮಾರಿದ ಹೊಸ ಸರಕೆಂದರೆ ಕತ್ತರಿಸಿದ ನಕಾಶೆ. ಮಹಾಗನಿ ಮರದ ತೆಳು ಹಲಗೆಯ ಮೇಲೆ ನಕಾಶೆ ಅಂಟಿಸಿ, ಸಣ್ಣ ಹಲ್ಲಿನ ಕೈಗರಗಸದಿಂದ ದೇಶ ದೇಶದ ಗಡಿಗುಂಟ ಕೊಯ್ಯುವುದು. ಜಗತ್ತು, ಯುರೋಪ್, ಏಷ್ಯಾ, ಆಫ್ರಿಕಾ, ಅಮೆರಿಕ, ಇಂಗ್ಲೆಂಡ್ ಮತ್ತು ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್ ಎಂದು ಎಂಟು ಬಗೆ. 1766ರಲ್ಲಿ ಆತ ಮಾಡಿದ ಯುರೋಪಿನ ನಕಾಶೆಯನ್ನು ಇಂದಿಗೂ ಜೋಪಾನ ಮಾಡಿ ಇಟ್ಟಿದ್ದಾರೆ. ಈಗಿನ ಪಜಲ್‌ನಂತೆ ಒಂದಕ್ಕೊಂದು ಸಿಕ್ಕಿಸುವ ಕೊಂಡಿ ದೇಶಗಳ ತುಂಡುಗಳಿಗೆ ಇರಲಿಲ್ಲ. ಮೇಜಿಗೆ ಮೊಣಕೈ ತಾಗಿದರೆ ಯುರೋಪ್ ಚೆಲ್ಲಾಪಿಲ್ಲಿ!

ಇದು ಬಡವರ ಮಕ್ಕಳಿಗೆ ಎಟಕುವ ವಸ್ತು ಆಗಿರಲಿಲ್ಲ. ಮರ, ಅಚ್ಚು, ಬಣ್ಣ, ಕೊಯ್ತ ಎಲ್ಲವೂ ದುಬಾರಿ. ಸ್ವಲ್ಪ ಕಡಿಮೆ ಬೆಲೆಗೆ ಬೇಕೆಂದವರಿಗೆ ಸ್ಪಿಲ್ಸ್‌ಬರಿ ಸಮುದ್ರ ಬಿಟ್ಟು ಬರೀ ನೆಲದ ತುಂಡುಗಳನ್ನಷ್ಟೇ ಕೊಡುತ್ತಿದ್ದ. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಮೆಚ್ಚುಗೆಯಾಯಿತು. ಅಂಗಡಿ ನಡೆಸುವವನ ಜಾಣತನ ಅದು.

ಅರಮನೆಯಲ್ಲೂ ಇಂಥ ನಕಾಶೆಗಳಿದ್ದವು. ಮೂರನೇ ಜಾರ್ಜನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಲೇಡಿ ಷಾರ್ಲೆಟ್ ಫಿಂಚ್ ಎಂಬಾಕೆ ಕತ್ತರಿಸಿದ ನಕಾಶೆಗಳಿಂದಲೇ ರಾಜಕುಮಾರರಿಗೆ ಭೂಗೋಳ ಕಲಿಸಿದರು. ಅವನ್ನು ಇಡುತ್ತಿದ್ದ ಮರದ ಪೆಟ್ಟಿಗೆ ಇಂಗ್ಲೆಂಡಿನಲ್ಲಿ ಈಗಲೂ ಇದೆ. ಸ್ಪಿಲ್ಸ್‌ಬರಿಗಿಂತ ಮೊದಲೇ ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ಫ್ರೆಂಚ್ ಲೇಖಕಿ ಮದಾಂ ದ ಬೋಮಾಂತ್ ಮರದ ನಕಾಶೆ ಬಳಸಿದ್ದರೆಂದು ಸಂಶೋಧಕರು ಹೇಳುತ್ತಾರೆ. ಇರಬಹುದು. ಆದರೂ ಅಂಗಡಿಯಲ್ಲಿಟ್ಟು ಮಾರಾಟಕ್ಕೆ ತಂದ ಹೆಸರು ಇವನದೇ.

ಆ ಹೆಸರನ್ನು ಅನುಭವಿಸಲು ಆತ ಬದುಕಲಿಲ್ಲ. 1769ರ ಏಪ್ರಿಲ್ 3ರಂದು ತೀರಿಕೊಂಡ. ವಯಸ್ಸು ಸುಮಾರು ಮೂವತ್ತು ಅಷ್ಟೇ. ಹೆಂಡತಿ ಕೆಲಕಾಲ ಅಂಗಡಿ ನಡೆಸಿ, ಮುಂದೆ ಗಂಡನ ಕೈಕೆಳಗೆ ಕೆಲಸ ಕಲಿತಿದ್ದವನೊಬ್ಬನನ್ನೇ ಮದುವೆಯಾದಳು. ಆಮೇಲೆ ಲಂಡನ್ನಿನ ಬೇರೆ ಬೇರೆ ಅಂಗಡಿಯವರು ಇದೇ ಕಸುಬು ಹಿಡಿದರು.

ಆತ ಸತ್ತ ಮೂರೇ ವರ್ಷಕ್ಕೆ ಇನ್ನೊಂದು ಸಂಗತಿ ನಡೆಯಿತು. ಆತನ ಯುರೋಪಿನಲ್ಲಿ ಪೋಲೆಂಡ್ ಒಂದು ದೊಡ್ಡ ತುಂಡು. 1772ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಅದರ ಅಂಚುಗಳನ್ನು ಕತ್ತರಿಸಿಕೊಂಡವು. 1793ರಲ್ಲಿ ಮತ್ತೆ ಕತ್ತರಿಸಿದರು. 1795ರ ಹೊತ್ತಿಗೆ ಪೋಲೆಂಡ್ ಎಂಬ ದೇಶವೇ ಉಳಿಯಲಿಲ್ಲ, 1918ರವರೆಗೆ ಅದು ಮರಳಿ ಬರಲಿಲ್ಲ. ಮನೆಮನೆಯ ಡಬ್ಬಿಯಲ್ಲಿ ಮಾತ್ರ ಆ ಮರದ ತುಂಡು ತನ್ನ ಹಳೆಯ ಜಾಗದಲ್ಲಿ ಸರಿಯಾಗಿ ಕೂರುತ್ತಿತ್ತು. ನಮಗೂ ಇದು ಹೊಸದಲ್ಲ. ನಾವು ಧಾರವಾಡ ಜಿಲ್ಲೆಯವರೆಂದು ಪರೀಕ್ಷೆಯಲ್ಲಿ ಬರೆದವರು, 1997ರಿಂದ ಹಾವೇರಿ ಜಿಲ್ಲೆಯವರಾದೆವು. ನಮ್ಮ ಗುರುಗಳ ಆ 19 ತುಂಡುಗಳನ್ನು ಈಗ ಯಾವ ಸರಕಾರಿ ನಕಾಶೆಯ ಮೇಲಿಟ್ಟರೂ ಹೊಂದುವುದಿಲ್ಲ.

ಆಮೇಲಿನ ಕಥೆ ಉದ್ದವಿದೆ, ಸಂಕ್ಷೇಪವಾಗಿ ಹೇಳುತ್ತೇನೆ. 1814ರಲ್ಲಿ ಬಂದ ಜೇನ್ ಆಸ್ಟಿನ್ ಅವರ ಮ್ಯಾನ್ಸ್‌ಫೀಲ್ಡ್ ಪಾರ್ಕ್ ಕಾದಂಬರಿಯಲ್ಲಿ, ಶ್ರೀಮಂತ ದೊಡ್ಡಮ್ಮನ ಮನೆಗೆ ಬಂದ ಬಡ ಹುಡುಗಿ ಫ್ಯಾನಿಗೆ ಯುರೋಪಿನ ನಕಾಶೆ ಜೋಡಿಸಲು ಬರುವುದಿಲ್ಲವೆಂದು ಆ ಮನೆಯ ಹುಡುಗಿಯರು ಹಾಸ್ಯ ಮಾಡುತ್ತಾರೆ. ಪಾಪ, ಅವಳ ಮನೆಯಲ್ಲಿ ಅಂಥ ಡಬ್ಬಿ ಎಲ್ಲಿಂದ ಬರಬೇಕು? 19ನೇ ಶತಮಾನದ ಕೊನೆಗೆ ಕಾಲಿನಿಂದ ತುಳಿದು ನಡೆಸುವ ಗರಗಸ ಬಂತು, ಜಿಗ್‌ಸಾ ಎಂಬ ಹೆಸರು ಗರಗಸದಿಂದಲೇ ಅಂಟಿಕೊಂಡಿತು. ನಕಾಶೆಯ ಜಾಗಕ್ಕೆ ಚಿತ್ರಗಳು ಬಂದವು. 20ನೇ ಶತಮಾನದ ಆರಂಭದಲ್ಲಿ ದೊಡ್ಡವರೂ ಆಡತೊಡಗಿದರು. ಅಚ್ಚಿನಿಂದ ಒತ್ತಿ ಕತ್ತರಿಸಿದ ರಟ್ಟಿನ ಪಜಲ್ ಬಂದ ಮೇಲೆ ಬೆಲೆ ಇಳಿಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಕೆಲಸ ಕಳೆದುಕೊಂಡ ಮನೆಗಳಲ್ಲಿ ಸಂಜೆ ಕಳೆಯಲು ಇದೇ ಆಸರೆ ಆಯಿತು. ಬಾಡಿಗೆಗೂ ಸಿಗುತ್ತಿತ್ತು. ಪಾಠಕ್ಕೆಂದು ಹುಟ್ಟಿದ್ದು ಹೀಗೆ ದಣಿದವರ ಮನೆ ಸೇರಿತು.

ಈಗ ನಮ್ಮ ಡಬ್ಬಿಯ ಮಾತು. ಆ ವರ್ಷ ಮಳೆಗಾಲದ ಒಂದು ಮಧ್ಯಾಹ್ನ, ಆಟದ ಅವಧಿಯಲ್ಲಿ ಹೊರಗೆ ಹೋಗಲಾಗದೆ ನಾನು ಕೊಡಗಿನ ತುಂಡಿನೊಡನೆ ಆಡುತ್ತಿದ್ದೆ. ಬೆಂಚಿನ ಸಂದಿಗೆ ಸಿಕ್ಕಿಸಿ ಎಳೆದಾಗ ಮುರಿಯಿತು. ಹೆದರಿ ಚಡ್ಡಿಯ ಕಿಸೆಗೆ ಹಾಕಿಕೊಂಡೆ, ಮನೆಗೆ ಹೋಗುವಾಗ ಹಳ್ಳಕ್ಕೆ ಎಸೆದೆ. ಮರುದಿನ ಗುರುಗಳು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಗುರುಗಳು ಯಾರನ್ನೂ ಹೊಡೆಯಲಿಲ್ಲ. ಆದರೆ ಡಬ್ಬಿಯ ಜವಾಬ್ದಾರಿ ಹೊತ್ತಿದ್ದ ನನ್ನ ಗೆಳೆಯನಿಂದ ಕಪಾಟಿನ ಕೀಲಿ ತೆಗೆದುಕೊಂಡು ಬೇರೆಯವನಿಗೆ ಕೊಟ್ಟರು. ಅವನು ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಅವನ ಪಕ್ಕದಲ್ಲೇ ಕೂತು ನಾನು ಉಂಡೆ. ವರ್ಷವಿಡೀ ಕೊಡಗಿನ ಜಾಗ ಖಾಲಿಯೇ ಇತ್ತು.

ಗುರುಗಳು ತೀರಿಕೊಂಡು ಹತ್ತು ವರ್ಷವಾಯಿತು. ಗೆಳೆಯ ಊರಲ್ಲೇ ಇದ್ದಾನೆ. ಅವನ ಹೆಸರು ಬರೆಯುವುದಿಲ್ಲ, ಓದಿದರೆ ಅವನಿಗೇ ತಿಳಿಯುತ್ತದೆ. ಎದುರಿಗೆ ಸಿಕ್ಕಾಗಲೆಲ್ಲ ಹೇಳಬೇಕೆಂದುಕೊಂಡು ಮಳೆ ಬೆಳೆ ಮಾತಾಡಿ ಬಂದಿದ್ದೇನೆ.

ಸುವರ್ಣ ಮಹೋತ್ಸವದ ನಿಮಿತ್ತ ಶಾಲೆಗೆ ಒಂದು ಹೊಸ ನಕಾಶೆ ಮಾಡಿಸಿದ್ದೇನೆ. ಪ್ಲೈವುಡ್‌ನದೇ, ನಮ್ಮೂರ ಬಡಿಗೇರರೇ ಕೊಯ್ದದ್ದು. ಈಗಿನ 31 ಜಿಲ್ಲೆ, 31 ತುಂಡು. ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ ಮಾಡಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಸಮಾರಂಭದ ದಿನ ಬೆಳಿಗ್ಗೆ, ವೇದಿಕೆಯ ಕಾರ್ಯಕ್ರಮ ಶುರುವಾಗುವ ಮೊದಲು, 8ನೇ ತರಗತಿಯ ಕೋಣೆಯಲ್ಲಿ ಆ ಡಬ್ಬಿಯನ್ನು ಮೊದಲು ತೆರೆಯುವವನು ನನ್ನ ಗೆಳೆಯ. ಕೀಲಿಯನ್ನು ನಾನೇ ಅವನ ಕೈಗೆ ಕೊಡುತ್ತೇನೆ.